ಗೌರಿಯ ಹೊಟ್ಟೆಪಟ್ಟಿಯಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ಕುದುರೆ ಗೌರಿಯನ್ನು ಜಿಗಿತದ ಸ್ಪರ್ಧೆಗೆ ತಯಾರು ಮಾಡಿದ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ‘ಹೊಸ ಸೀಸನ್‌ಗೆ ನಾನು ಮತ್ತು ಗೌರಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಳ್ಳೆಯ ಲೇಖನವೊಂದು ಇದೆ. ಅದನ್ನು ಕೈಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಟ್ಟು ಎಂಟು ಪುಟ. ಮೊದಲು ಅಶ್ವಮೇಧದ ಕುದುರೆ, ಆಮೇಲೆ ರಾಣಾ ಪ್ರತಾಪನ ಚೇತಕ್, ಆಮೇಲೆ 1918ರಲ್ಲಿ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳ, ಆಮೇಲೆ ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಗೆದ್ದ ಬೆಳ್ಳಿ. ಗೌರಿ ಬರುವುದು ನಾಲ್ಕನೇ ಪುಟದಲ್ಲಿ. ಅವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಅವನ್ನು ಯಾರು ಬೇಕಾದರೂ ಬರೆಯಬಹುದು. ಗೌರಿಯ ಬಗ್ಗೆ ಬರೆಯಲು ನಿಮ್ಮೊಬ್ಬರಿಗೇ ಸಾಧ್ಯ. ಆ ಮೂರು ಪುಟ ತೆಗೆದುಹಾಕಿ.

ಆರನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: “ಮೊದಲ ವಾರ ಜೀನಿನ ಹೊಟ್ಟೆಪಟ್ಟಿ ಮೊದಲ ತೂತಿಗೂ ಕಷ್ಟಪಟ್ಟು ಎಟುಕುತ್ತಿತ್ತು. ಐದನೇ ವಾರ ಸಲೀಸಾಗಿ ಮೂರಕ್ಕೆ ಬಂತು.” ಓದುತ್ತಿದ್ದವನು ಅಲ್ಲೇ ನಿಂತೆ. ಮಳೆಗಾಲ ಪೂರ್ತಿ ಲಾಯದಲ್ಲಿ ಮೇವು ತಿಂದು ಮೈ ಬಂದ ಕುದುರೆ ಆಗ ನನ್ನ ಕಣ್ಣಿಗೆ ಕಂಡಿತು. ಇಲ್ಲಿಂದಲೇ ಶುರು ಮಾಡಿ.

ಆದರೆ ಮುಂದಿನ ಸಾಲಿನಲ್ಲೇ “ಹೀಗೆ ಹತ್ತು ವಾರ ಕಠಿಣ ತಯಾರಿ ನಡೆಸಿದೆವು” ಅಂತ ಬರೆದು ಸೀದಾ ಸ್ಪರ್ಧೆಯ ಮೈದಾನಕ್ಕೆ ಹೋಗಿಬಿಟ್ಟಿದ್ದೀರಿ. ಆ ಹತ್ತು ವಾರಗಳೇ ನಿಮ್ಮ ಲೇಖನ, ಅಲ್ವಾ? ಮೊದಮೊದಲು ಸುಮ್ನೆ ನಡೆಸಿದಿರಾ? ಟ್ರಾಟ್, ಅಂದರೆ ಮೆಲ್ಲಗಿನ ಓಟ, ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ನಿಮಿಷ? ನೆಲದ ಮೇಲೆ ಕಂಬ ಇಟ್ಟು ದಾಟಿಸಿದ್ದು ಯಾವ ವಾರ? ಕುದುರೆಗೆ ದಮ್ಮು ಬೇಗ ಬರುತ್ತದೆ. ಮಾಂಸಖಂಡಕ್ಕೆ ಇನ್ನಷ್ಟು ದಿನ ಬೇಕು. ಕಾಲಿನ ಸ್ನಾಯುರಜ್ಜು, ಮೂಳೆ ಗಟ್ಟಿಯಾಗುವುದು ಎಲ್ಲಕ್ಕಿಂತ ನಿಧಾನ. ಅಂದರೆ ನಾಲ್ಕನೇ ವಾರ ಗೌರಿ ಓಡಲು ಕುಣಿಯುತ್ತಿದ್ದಾಗ ಅವಳ ಕಾಲು ಇನ್ನೂ ಸಿದ್ಧವಾಗಿರಲಿಲ್ಲ. ಅಂಥ ಬೆಳಿಗ್ಗೆಗಳಲ್ಲಿ ಅವಳನ್ನು ತಡೆದು ಹಿಡಿದಿರಲ್ಲ, ಆಗ ಇಬ್ಬರಿಗೂ ಹೇಗಿತ್ತು? ಅದನ್ನು ಓದಲು ನನಗೆ ಆಸೆ.

ಇನ್ನು ತಪ್ಪುಗಳು. “ಬಾಯಿ ತೆರೆದು ಏದುಸಿರು ಬಿಡುತ್ತಾ ಬಂದು ನಿಂತಳು” ಅಂತ ಬರೆದಿದ್ದೀರಿ. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ಬಾಯಿಂದ ಅಲ್ಲ. ದಿನಾ ಅವಳ ಪಕ್ಕ ನಿಲ್ಲುವ ನಿಮಗೆ ಇದು ಗೊತ್ತು. ಹೊಳ್ಳೆ ಅರಳಿ ಒಳಗಿನ ಕೆಂಪು ಕಾಣುವುದನ್ನು ಎಷ್ಟೋ ಸಲ ನೋಡಿದ್ದೀರಿ. ಆದರೂ ಬರೆಯಲು ಕೂತಾಗ ಎಲ್ಲೋ ಓದಿದ ಏದುಸಿರು ಬಂದುಬಿಟ್ಟಿದೆ. ‘ನಾಗಾಲೋಟ’ವೂ ಹಾಗೇ, ಏಳು ಕಡೆ ಇದೆ. ನಾಗಾಲೋಟ ಅಂದರೆ ಗ್ಯಾಲಪ್, ಕುದುರೆಯ ಅತಿ ವೇಗದ ಓಟ. ಆ ದಿನಗಳಲ್ಲಿ ಗೌರಿ ಮಾಡುತ್ತಿದ್ದುದು ಟ್ರಾಟ್. ಅದಕ್ಕೆ ನಮ್ಮಲ್ಲಿ ಕುಕ್ಕುಲೋಟ ಅನ್ನುವ ಚೆಂದದ ಪದ ಇದೆ, ಓದುತ್ತಿದ್ದ ಹಾಗೇ ಮೈ ಕುಲುಕುತ್ತದೆ. ಬೇಡವೆನಿಸಿದರೆ ಲಾಯದಲ್ಲಿ ಹೇಳುವ ಹಾಗೆ ಟ್ರಾಟ್ ಅಂತಲೇ ಬರೆಯಿರಿ. ಸುಮ್ಮನೆ ನಿಂತಾಗ ಎದೆಬಡಿತ ನಿಮಿಷಕ್ಕೆ 80 ಅಂತಲೂ ಇದೆ. ಆರೋಗ್ಯವಾಗಿರುವ ದೊಡ್ಡ ಕುದುರೆಗೆ ಅದು 28ರಿಂದ 44 ಇರುತ್ತದೆ. ಡೈರಿ ನೋಡಿ ಸರಿಪಡಿಸಿ.

ನನಗೆ ಜಾಸ್ತಿ ಬೇಸರವಾದದ್ದು “ಗೌರಿಯ ಕಣ್ಣಲ್ಲಿ ಪದಕದ ಕನಸಿತ್ತು” ಅನ್ನುವ ಮಾತಿಗೆ. ಆ ಕನಸು ನಿಮ್ಮದು. ಸೀಸನ್ ಶುರುವಾಗಿದೆ ಅಂತ ಗೌರಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಾಗುವುದು ಹೊಸ ಮೈದಾನ, ಬಣ್ಣದ ಕಂಬ, ಮೈಕಿನ ಸದ್ದು, ಲಗಾಮು ಹಿಡಿದಿರುವ ನಿಮ್ಮ ಕೈ. ಆನೆ, ಕುದುರೆಗಳು ಸದ್ದಿಗೆ ಬೆದರದಿರಲಿ ಅಂತ ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುತ್ತದಲ್ಲ, ಒಂದು ವರ್ಷ ನೋಡಲು ಹೋಗಿದ್ದೆ. ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳೂ ನಿಂತಿದ್ದವು. ಮೊದಲ ಸದ್ದಿಗೇ ಒಂದು ಕಂದು ಕುದುರೆ ಪಕ್ಕಕ್ಕೆ ಹಾರಿತು. ಸವಾರ ಬೈಯಲಿಲ್ಲ, ಲಗಾಮು ಜಗ್ಗಲಿಲ್ಲ. ಕುತ್ತಿಗೆ ಮೇಲೆ ಅಂಗೈ ಇಟ್ಟು, ಒಂದು ಸುತ್ತು ನಡೆಸಿ, ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿದರು. ಕೊನೆಕೊನೆಗೆ ತೋಪು ಸಿಡಿದಾಗ ಅದರ ಒಂದು ಕಿವಿ ಮಾತ್ರ ಹಿಂದಕ್ಕೆ, ಸವಾರರ ಕಡೆಗೆ ತಿರುಗುತ್ತಿತ್ತು. ಗೌರಿಯ ಕಿವಿ ಯಾವಾಗ ನಿಮ್ಮ ಕಡೆ ತಿರುಗಿತು ಅಂತ ಬರೆಯಿರಿ. ಆಗ ಕನಸು, ನಂಬಿಕೆ ಅನ್ನುವ ಪದಗಳೇ ಬೇಕಾಗುವುದಿಲ್ಲ.

ಕೊನೆಯ ಜಿಗಿತದಲ್ಲಿ ಕಂಬ ಬಿದ್ದು 4 ಅಂಕದ ದಂಡ ಆದದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನೋವಾಗಿದೆ ಅಂತ ಅರ್ಥವಾಗುತ್ತದೆ. ಆದರೂ ಬರೆಯಿರಿ. ಕಂಬ ತಾಗಿದ್ದು ಮುಂಗಾಲಿಗಾ, ಹಿಂಗಾಲಿಗಾ? ನೀವು ಬೇಗ ಮುಂದಕ್ಕೆ ಬಾಗಿದಿರಾ? ಇದು ನಿಮಗೆ ಖಂಡಿತ ನೆನಪಿರುತ್ತದೆ.

ಇನ್ನೊಂದು ಮಾತು. ಮಳೆಗೆ ಮೆತ್ತಗಾಗಿದ್ದ ಗೊರಸು ನೋಡಿ ಲಾಳ ಕಟ್ಟುವವರು ನಿಮಗೆ ಬೈದರು ಅಂತ ಬರೆದಿದ್ದೀರಿ. ಏನಂತ ಬೈದರು ಅಂತ ಬರೆದಿಲ್ಲ. ಅವರ ಮಾತನ್ನು ತಿದ್ದಬೇಡಿ, ಅಂದದ್ದನ್ನು ಅಂದ ಹಾಗೇ ಹಾಕಿ. 900 ಪದ ಸಾಕು. ಒಂದು ತಿಂಗಳೊಳಗೆ ಕಳಿಸಿ, ಕಾಯುತ್ತಿರುತ್ತೇನೆ.