ಒಂದು ‘ಟಿ’ ತಂದ ರಂಪ

ಪತ್ರ: “ನನ್ನ ಭಾವ ಮೂರು ಹೊತ್ತೂ ತಮ್ಮನ್ನೇ ಹೊಗಳಿಕೊಳ್ಳುತ್ತಾರೆ. ‘ಈಗೋಯಿಸ್ಟ್’ ಅಂದೆ. ‘ಅದು ಈಗೋಟಿಸ್ಟ್, ಅಪ್ಪಾ’ ಎಂದು ಮಗಳು ತಿದ್ದಿದಳು. ಒಂದು ಅಕ್ಷರಕ್ಕೆ ಇಷ್ಟು ರಂಪವೇ?”

ಉತ್ತರ: ರಂಪ ಬೇಕು ಸ್ವಾಮಿ. ಬಾಯಿ ಬಿಟ್ಟರೆ ‘ನಾನು’ ಅನ್ನುವವನು ಈಗೋಟಿಸ್ಟ್. ಬಾಯಲ್ಲಿ ಏನೇ ಇರಲಿ, ಲೆಕ್ಕವನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುವವನು ಈಗೋಯಿಸ್ಟ್. ಒಬ್ಬನದು ಜಂಬ, ಇನ್ನೊಬ್ಬನದು ಸ್ವಾರ್ಥ. ಇಂಗ್ಲಿಷಿನವರೇ ಎರಡನ್ನೂ ಅದಲುಬದಲು ಮಾಡುತ್ತಾರೆ, ನಿಜ. ಅಷ್ಟನ್ನು ನಿಮಗೆ ಬಿಟ್ಟುಕೊಟ್ಟೆ.

‘ನಾನು’ ಜಾಸ್ತಿ ಮಾಡುವವರನ್ನು 1714ರಲ್ಲೇ ಇಂಗ್ಲಿಷ್ ಪ್ರಬಂಧಕಾರ ಜೋಸೆಫ್ ಅಡಿಸನ್ ಛೇಡಿಸಿ ಬರೆದಿದ್ದ. ಅವನ ಕೈಗೆ ಸಿಕ್ಕಿಬಿದ್ದವನು ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಮಂತ್ರಿಯಾಗಿದ್ದ ಪಾದ್ರಿ, ಕಾರ್ಡಿನಲ್ ವುಲ್ಸಿ. ‘ನಾನು ಮತ್ತು ನನ್ನ ರಾಜ’ ಅಂದನಂತೆ, ರಾಜನಿಗಿಂತ ಮೊದಲು ತಾನು! ಪಾಪ, ಲ್ಯಾಟಿನ್ ವ್ಯಾಕರಣದಲ್ಲಿ ‘ನಾನು’ ಮೊದಲು ಬರುವುದೇ ಸರಿ. ನಮ್ಮ ಕನಕದಾಸರ ಕತೆಯೂ ಹಾಗೇ ಅಲ್ವಾ? ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂದಾಗ ‘ನಾನು ಹೋದರೆ ಹೋದೇನು’ ಎಂದರು. ‘ನಾನು’ ಎಂಬುದು ತೊಲಗಿದರೆ ಎಂಬ ಮಾತು ಅದು. ಸಭೆಗೆ ಕೇಳಿಸಿದ್ದು ಬರೀ ಜಂಬ.

ನನ್ನ ಪಕ್ಷ ಜಂಬದವರದೇ. ನಮ್ಮ ಪತ್ರಿಕೆಗೆ ಬರೆಯುತ್ತಿದ್ದ ಒಬ್ಬರ ಒಂದು ಪುಟದಲ್ಲಿ ಹದಿನೇಳು ‘ನಾನು’. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಎಣಿಸಿದ್ದೇನೆ. ವಿಶೇಷಾಂಕದ ತಿದ್ದಿದ ಕರಡು ಕಳೆದುಹೋದಾಗ ಬೆಳಗಿನವರೆಗೆ ಕೂತು ಬೇರೆಯವರ ಕತೆಗಳನ್ನೆಲ್ಲ ಮತ್ತೆ ತಿದ್ದಿಕೊಟ್ಟವರೂ ಅವರೇ. (ಅದನ್ನೇ ಆರು ತಿಂಗಳು ಹೇಳಿಕೊಂಡು ತಿರುಗಿದರು, ಬಿಡಿ.) ಇನ್ನೊಬ್ಬರ ಬಾಯಲ್ಲಿ ‘ನಾನು’ ಬಂದದ್ದೇ ಇಲ್ಲ. ‘ಎಲ್ಲ ತಮ್ಮ ಕೃಪೆ’ ಅನ್ನುತ್ತಿದ್ದರು. ಅದೇ ಮೆಲುದನಿಯಲ್ಲಿ, ತಮ್ಮ ಕತೆಗೆ ಜಾಗ ಸಾಲದು ಅಂತ ಹೊಸ ಹುಡುಗಿಯೊಬ್ಬಳ ಕತೆಯನ್ನು ತೆಗೆಸಿಬಿಟ್ಟರು. ತೆಗೆದವನು ನಾನೇ. ಕನ್ನಡದಲ್ಲಿ ಇಂಥವರಿಗೆ ಅನುಕೂಲವೂ ಇದೆ: ‘ತಿಂದೆ’ ಅಂದರೆ ಸಾಕು, ‘ನಾನು’ ಆ ಮಾತಿನ ಬಾಲದಲ್ಲೇ ಅಡಗಿ ಕೂತಿರುತ್ತದೆ.

ಈಗ ಎಲ್ಲರಿಗೂ ಒಂದೇ ಹಣೆಪಟ್ಟಿ, ‘ಈಗೋ ಜಾಸ್ತಿ’. ಬಾಕಿ ಸಂಬಳ ಕೇಳಿದವನಿಗೂ ಈಗೋ, ತಪ್ಪು ತೋರಿಸಿದವಳಿಗೂ ಈಗೋ. ಜಂಬ, ಹಮ್ಮು, ಬಿಂಕ, ಸೊಕ್ಕು, ಧಿಮಾಕು ಅಂತ ಒಂದೊಂದನ್ನೂ ಬೇರೆಬೇರೆಯಾಗಿ ಬೈಯುತ್ತಿದ್ದ ಜನ ನಾವು. ಬೈಗುಳದಲ್ಲೂ ಬಡತನ ಬಂತು.

ಮಗಳು ಹೇಳಿದ್ದೇ ಸರಿ. ಭಾವನನ್ನು ಹೊಗಳಿಕೊಳ್ಳಲು ಬಿಡಿ. ಅವರು ಯಾರದಾದರೂ ಒಂದು ಕಾಸು ಕಿತ್ತುಕೊಂಡ ಸುದ್ದಿ ನಿಮ್ಮ ಪತ್ರದಲ್ಲೆಲ್ಲೂ ಇಲ್ಲ.