ಮೋರಿಗೂ ಮೀಟಿಂಗಾ ಅಂತ ಕೇಳಿದೆಯಲ್ಲ

ಮೊನ್ನೆ ಫೋನಿನಲ್ಲಿ ನೀನು ನಕ್ಕದ್ದು ಇನ್ನೂ ಕಿವಿಯಲ್ಲೇ ಉಂಟು ಮಾರಾಯ್ತಿ. "ಗ್ರಾಮಸಭೆಯಲ್ಲಿದ್ದೇನೆ, ಆಮೇಲೆ ಮಾತಾಡುವಾ" ಅಂದದ್ದಕ್ಕೆ, "ಇನ್ನೂ ಮುಗಿದಿಲ್ವೇನೇ? ಒಂದು ಮೋರಿಗೆ ಇಷ್ಟೊಂದು ಮೀಟಿಂಗಾ? ಕೇರಳದಲ್ಲಿ ಎಲ್ಲ ಚೆನ್ನಾಗಿದೆ ಅಂತಾರಪ್ಪ. ಸುಮ್ನೆ ಮಲಯಾಳಂ ಕಲಿತುಬಿಡು, ಮುಗೀತು" ಅಂದೆ. ಅಷ್ಟು ಜನರ ನಡುವೆ ಕೂತು ನಿನಗೆ ಉತ್ತರ ಕೊಡುವ ಹಾಗಿರಲಿಲ್ಲ. ಈಗ ಮಕ್ಕಳ ಉತ್ತರಪತ್ರಿಕೆಗಳನ್ನು ನಾಳೆಗೆ ದೂಡಿ ಕೂತಿದ್ದೇನೆ. ಕೇಳು.

ಮೊದಲನೆಯದಾಗಿ, ಅದು ಮೋರಿಯಲ್ಲ. ನಿಮ್ಮ ಬೆಂಗಳೂರಿನ ಮೋರಿ ನಮ್ಮ ಕಾಸರಗೋಡಿನ ಚರಂಡಿ. ನಮ್ಮಲ್ಲಿ ಮೋರಿ ಅಂದರೆ ರಸ್ತೆಯ ಅಡಿಯಲ್ಲಿ ನೀರು ದಾಟಲು ಇಟ್ಟ ಪೈಪು. ಮೋರಿ ನಮ್ಮಲ್ಲಿ ಉಂಟು, ಅದಕ್ಕೆ ನೀರು ತಂದುಕೊಡುವ ಕಣಿ ಇಲ್ಲ. ಕಣಿ ಅಂದರೆ ತೋಟದ ಸಾಲುಗಳ ನಡುವೆ, ದಾರಿಯ ಬದಿಯಲ್ಲಿ ನೀರು ಹೋಗಲು ತೆಗೆದ ಉದ್ದ ಗುಂಡಿ. ಕಣಿಗಳೆಲ್ಲ ಹೋಗಿ ಸೇರುವುದು ತೋಡಿಗೆ. ನಿನಗೆ 'ತೋಡು' ಅಂದರೆ ಅಗೆಯುವುದು, ನಮಗೆ ಹರಿಯುವ ಹಳ್ಳ. ನೋಡು, ಇನ್ನೂ ಮಲಯಾಳದ ಹತ್ತಿರ ಹೋಗಲಿಲ್ಲ, ಕನ್ನಡದಲ್ಲೇ ನಾವಿಬ್ಬರು ಇಷ್ಟು ದೂರ.

ನಮ್ಮ ದಾರಿ ಗುಡ್ಡೆಯ ತಲೆಯ ಮೇಲಿನ ಡಾಮರು ರಸ್ತೆಯಿಂದ ಬೈಲಿಗೆ ಇಳಿಯುವುದು. ಕಾಲು ಮೈಲು ಇರಬಹುದು. ನಾನು ಮದುವೆಯಾಗಿ ಬರುವಾಗ ಮಣ್ಣಿನ ದಾರಿ, ಒಂದು ಬದಿಯಲ್ಲಿ ಕಣಿ. ಆಮೇಲೆ ಒಂದೊಂದೇ ಮನೆ ಬಂತು, ಕೆಂಪುಕಲ್ಲಿನ ಕಂಪೌಂಡು ಬಂತು, ಕಾರು ಬಂತು. ಪ್ರತಿ ಗೇಟಿನ ಮುಂದೆಯೂ ಕಣಿಗೆ ನಾಲ್ಕು ಬುಟ್ಟಿ ಮಣ್ಣು ಬಿತ್ತು. ಕೊನೆಗೆ ಪಂಚಾಯತಿನವರು ಇದ್ದ ಅಗಲಕ್ಕೆಲ್ಲ ಕಾಂಕ್ರೀಟು ಹಾಕಿ ಕೊಟ್ಟರು. ಉದ್ಘಾಟನೆಯ ದಿವಸ ನಾವೆಲ್ಲ ಪಾಯಸ ಕುಡಿದೆವು. ಜೂನ್ ತಿಂಗಳಲ್ಲಿ ಗೊತ್ತಾಯಿತು, ನಾವು ಉದ್ಘಾಟಿಸಿದ್ದು ರಸ್ತೆಯನ್ನಲ್ಲ, ಹೊಳೆಯನ್ನು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರಿನೊಳಗೆ. ಗುಡ್ಡೆಯ ನೀರಿಗೆ ಕಾಂಕ್ರೀಟಿನಷ್ಟು ನುಣುಪಾದ ದಾರಿ ಬೇರೆ ಎಲ್ಲಿ ಸಿಗುತ್ತದೆ? ಕೆಳಗಿನ ತೋಟದ ಭಾವನ ಅಂಗಳಕ್ಕೆ ಹೋಗಿ, ಒಣಗಿಸಿ ರಾಶಿ ಹಾಕಿದ ಅಡಿಕೆಯನ್ನೂ ಕರೆದುಕೊಂಡು ಬೈಲಿಗೆ ಇಳಿಯಿತು.

ಹಾಗಾಗಿ ಮೀಟಿಂಗು.

ಗ್ರಾಮಸಭೆಯನ್ನು ನೀನು ಹಗುರ ಮಾಡಬೇಡ. ಇಲ್ಲಿ 1996ರಲ್ಲಿ ಜನಕೀಯ ಆಸೂತ್ರಣ, ಅಂದರೆ ಊರಿನ ಯೋಜನೆಯನ್ನು ಜನರೇ ಮಾಡುವ ಕ್ರಮ, ಶುರುವಾದಂದಿನಿಂದ ಯಾವ ದಾರಿಗೆ, ಯಾವ ಬಾವಿಗೆ, ಯಾರ ಮನೆಗೆ ಅಂತ ಜನರ ಮುಂದೆ ಓದಿ ಹೇಳಿಯೇ ಪಟ್ಟಿ ಆಗಬೇಕು. ಮೂರು ತಿಂಗಳಿಗೊಮ್ಮೆ ಸಭೆ ಕರೆಯಬೇಕು, ಮತದಾರರಲ್ಲಿ ನೂರಕ್ಕೆ ಹತ್ತು ಜನ ಸೇರಬೇಕು. ಕೋರಂ ತುಂಬಿಸುವುದು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ಗಂಡಸರು ಬಾಗಿಲ ಹತ್ತಿರ ನಿಂತು ಸಹಿ ಹಾಕಿ ಪೇಟೆಗೆ ಹೋಗುತ್ತಾರೆ. ಆದರೂ ಓವರ್ಸಿಯರನ್ನು ಮುಖಾಮುಖಿ ನಿಲ್ಲಿಸಿ "ಕಳೆದ ವರ್ಷದ ಹಣ ಎಲ್ಲಿಗೆ ಹೋಯಿತು" ಅಂತ ನಮ್ಮ ತೊಳಿಲುರಪ್ಪಿನ ಅಕ್ಕ (ಅದೇ, ನಿಮ್ಮ ಉದ್ಯೋಗ ಖಾತರಿ) ಕೇಳುತ್ತಾಳೆ, ಅವನು ಉತ್ತರ ಕೊಡುತ್ತಾನೆ. ನೀನು ಕೇಳಬೇಕಿದ್ದರೆ ಯಾರನ್ನು ಕೇಳುತ್ತಿದ್ದೆ? 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ನಡೆದ ಊರಿನವಳು ನೀನು. ನಕ್ಕದ್ದಕ್ಕೆ ಇಷ್ಟು ಬಡ್ಡಿ ಸಾಕು.

ಸಭೆಯಲ್ಲಿ ಚರ್ಚೆ ಹೇಗೆ ನಡೆಯುತ್ತದೆ ಅಂತ ವಿವರ ಬೇಡ, ಎಲ್ಲ ಊರಿನ ಹಾಗೆಯೇ. ಕಣಿ ಎಲ್ಲರಿಗೂ ಬೇಕು, ಆಚೆ ಬದಿಯಲ್ಲಿ ಬೇಕು. ಮೇಲಿನ ಮನೆಯವರಿಗೆ ಸ್ಲಾಬು ಮುಚ್ಚಿದ್ದೇ ಆಗಬೇಕು, ಸ್ಲಾಬು ಹಾಕಿದರೆ ಕಸ ತೆಗೆಯುವುದು ಹೇಗೆ ಅಂತ ಕೆಳಗಿನವರು. ದಾರಿಯೇನೋ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಉಂಟು. ಕಣಿ ಆಗಬೇಕಾದ ಜಾಗ ಎಲ್ಲರ ಪಟ್ಟಾದೊಳಗೆ. ಒಂದೂವರೆ ಅಡಿ ಬಿಟ್ಟುಕೊಡುತ್ತೇವೆ ಅಂತ ಪ್ರತಿಯೊಬ್ಬರೂ ಸಮ್ಮತಪತ್ರ ಬರೆದುಕೊಡದೆ ಎಸ್ಟಿಮೇಟ್ ಮಾಡುವ ಹಾಗಿಲ್ಲ. ಎರಡು ವರ್ಷ ಮನೆಮನೆ ಹತ್ತಿ ಇಳಿದು ಎಲ್ಲರನ್ನೂ ಒಪ್ಪಿಸಿದ್ದೆ. ಭಾವನೂ ಒಪ್ಪಿದ್ದರು, ನೀರು ಕೊನೆಗೆ ಸೇರುವುದು ಅವರ ತೋಟದ ಮೂಲೆಯಿಂದಲೇ ತೋಡಿಗೆ.

ಇನ್ನು ನಿನ್ನ 'ಮಲಯಾಳಂ ಕಲಿತುಬಿಡು'. ನನಗೆ ಮಲಯಾಳಂ ಬರುತ್ತದೆ. ಮಾತು ಬಸ್ಸಿನಲ್ಲಿ ಬಂತು, ಓದು ರೇಷನ್ ಕಾರ್ಡಿನಿಂದ ಬಂತು. ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು, ಅಂಗಡಿಯಲ್ಲಿ ಯಾವುದು ಮೊದಲು ಬಾಯಿಗೆ ಬರುತ್ತದೋ ಅದು. ನಮ್ಮ ಮೆಂಬರು ವೋಟು ಕೇಳುವುದು ತುಳುವಿನಲ್ಲಿ, ಯೋಜನೆ ಓದುವುದು ಮಲಯಾಳದಲ್ಲಿ, ಧನ್ಯವಾದ ಹೇಳುವುದು ಕನ್ನಡದಲ್ಲಿ. ಯಾರಿಗೂ ಅದು ವಿಚಿತ್ರ ಅಂತ ಕಾಣುವುದಿಲ್ಲ. ಮಾತಿನಲ್ಲಿ ಇಲ್ಲಿ ಜಗಳವೇ ಇಲ್ಲ. ಜಗಳ ಹುಟ್ಟುವುದು ಬರೆಯುವಾಗ.

1969ರ ಭಾಷಾ ಕಾಯ್ದೆಯ ಪ್ರಕಾರ ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಾನು ಕನ್ನಡದಲ್ಲೇ ಕೊಡುತ್ತೇನೆ. ಕೌಂಟರಿನಲ್ಲಿ ಕೂತವರು ಬಹಳ ಮರ್ಯಾದೆಯಿಂದ, "ಟೀಚರೇ, ಮಲಯಾಳತ್ತಿಲ್ ಕೂಡ ಒಂದು ಕೊಡಿ, ಬೇಗ ಆಗ್ತದೆ" ಅನ್ನುತ್ತಾರೆ. ಬೇಗ ಆಗಲಿ ಅಂತ ಕೊಡುತ್ತೇನೆ. ಹಾಗೆ ಈ ದಾರಿಯ ಒಂದೊಂದು ಅರ್ಜಿಯನ್ನೂ ಎರಡೆರಡು ಸಲ ಬರೆದವಳು ನಾನು. ಬರುವ ಅಧಿಕಾರಿಗಳು ಹೆಚ್ಚಾಗಿ ತೆಂಕಣ ಜಿಲ್ಲೆಗಳವರು. ಒಳ್ಳೆಯವರೇ. "ಕುಳಿತುಕೊಳ್ಳಿ, ಊಟ ಆಯ್ತಾ" ಅಂತ ಕಲಿಯುವಷ್ಟರಲ್ಲಿ ವರ್ಗ ಆಗುತ್ತದೆ. ಇಲ್ಲಿಂದ ಮಂಗಳೂರಿಗೆ ಐವತ್ತು ಕಿಲೋಮೀಟರೊಳಗೆ, ತಿರುವನಂತಪುರಕ್ಕೆ ಐನೂರಕ್ಕೂ ಮಿಕ್ಕಿ. ಅವರಿಗೂ ಊರು ನೆನಪಾಗುವುದಿಲ್ಲವಾ?

ಈಗ ಗಂಟಿನ ವಿಷಯ. ಇದಕ್ಕೂ ಹಿಂದಿನ ಒಂದು ಸಭೆಯಲ್ಲಿ ನಾನು ಎದ್ದು ಕನ್ನಡದಲ್ಲಿ ಹೇಳಿದ್ದು ಒಂದೇ ವಾಕ್ಯ: "ಮೇಲಿನ ನೀರು ತೋಟದ ಬದಿಯಿಂದ ತೋಡಿಗೆ ಹರಿದುಹೋಗಲು ಅವಕಾಶ ಮಾಡಿಕೊಡಬೇಕು." ಬರೆಯುತ್ತಿದ್ದ ಹುಡುಗ ಕನ್ನಡ ಅರ್ಧ ಬಲ್ಲವ. ಕೇಳಿದ ಶಬ್ದವನ್ನು ಹಾಗೆಯೇ ಮಿನಿಟ್ಸ್ ಪುಸ್ತಕಕ್ಕೆ ಇಳಿಸಿದ, ಕೊನೆಗೊಂದು 'ಅಂ' ಸೇರಿಸಿದ: ಅವಕಾಶಂ. ಮಲಯಾಳದಲ್ಲಿ ಅವಕಾಶಂ ಅಂದರೆ ಹಕ್ಕು. ಮಾಹಿತಿ ಹಕ್ಕು ಕಾಯ್ದೆಗೇ ಅವರಲ್ಲಿ ವಿವರಾವಕಾಶ ನಿಯಮಂ ಅಂತ ಹೆಸರು. ನಾನು 'ಸ್ವಲ್ಪ ಜಾಗ ಬಿಡಿ' ಅಂತ ಕೈಮುಗಿದದ್ದು ಪುಸ್ತಕದಲ್ಲಿ 'ಭಾವನ ತೋಟದಲ್ಲಿ ನೀರು ಬಿಡಲು ನಮಗೆ ಹಕ್ಕು ಉಂಟು' ಅಂತ ಆಗಿ ಕೂತಿತು.

ಭಾವನಿಗೆ ಮಲಯಾಳಂ ಓದಲು ಬರುವುದಿಲ್ಲ. ನಕಲು ತೆಗೆಸಿ ಮಗನಿಂದ ಓದಿಸಿದರು. ಮಗ ಮಲಯಾಳಂ ಕಲಿತವನು, ಕನ್ನಡ ಮಾತಾಡಲು ಬಂದರೂ ಓದಲು ಆಗುವುದಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಓದಿದ. ಮರುದಿನ ಬೆಳಿಗ್ಗೆ ಭಾವ ಗೇಟಿನ ಹತ್ತಿರ ನಿಂತು, "ಟೀಚರೇ, ಹಕ್ಕು ಇದ್ದವರು ಕೋರ್ಟಿಗೆ ಹೋಗಿ. ನನ್ನ ಹತ್ತಿರ ಯಾಕೆ ಸಹಿ ಕೇಳುದು?" ಅಂದರು. ಇಪ್ಪತ್ತು ವರ್ಷ ನನ್ನನ್ನು ತಂಗಿ ಅಂತ ಕರೆದವರು, ಅವತ್ತು ಟೀಚರೇ ಅಂದರು. ಕನ್ನಡ ಮಾತಾಡುವ ಇಬ್ಬರು, ಒಂದು ಕನ್ನಡ ಶಬ್ದಕ್ಕಾಗಿ ಮಾತು ಬಿಟ್ಟೆವು.

ಇಂಥದ್ದು ಒಂದಲ್ಲ. ಅರ್ಜಿಗೆ ಮಲಯಾಳದಲ್ಲಿ ಅಪೇಕ್ಷ ಅನ್ನುತ್ತಾರೆ. ನಮ್ಮ ಅತ್ತೆ "ಅಪೇಕ್ಷೆ ಎಂತ ಅಂತ ಬರೆಯಲು ಹೇಳಿದ್ದಾರೆ" ಅಂತ ಪೆನ್ಶನ್ ಫಾರಮ್ಮಿನಲ್ಲಿ ತನ್ನ ಆಸೆ ಹೇಳಲು ಕೂತಿದ್ದರು. ಚರಂಡಿಗೆ ನೋಟೀಸಿನಲ್ಲಿ ಅಳುಕ್ಕುಚಾಲ್ ಅಂತ ಬರುತ್ತದೆ. ಅಳುಕು, ಅದೂ ಚಾಲು. ನಿಜ ಹೇಳಬೇಕಾದರೆ ನಮ್ಮ ದಾರಿಗೆ ಅಷ್ಟು ಸರಿಯಾದ ಶಬ್ದ ಕನ್ನಡದಲ್ಲೂ ಸಿಗಲಿಕ್ಕಿಲ್ಲ.

ನೀನು ಈಗ ಗಡಿ ಆಯೋಗದ ಮಹಾಜನ ವರದಿಯ ಮಾತು ತೆಗೆಯುತ್ತೀ ಅಂತ ಗೊತ್ತು. ಚಂದ್ರಗಿರಿ ಹೊಳೆಯಿಂದ ಈಚೆಯದ್ದು ನಿಮ್ಮ ಕಡೆ ಸೇರಬೇಕು ಅಂತ ಅದು ಹೇಳಿದ್ದು 1967ರಲ್ಲಿ, ನಾವಿಬ್ಬರು ಹುಟ್ಟುವ ಮೊದಲು. ಪ್ರತಿ ನವೆಂಬರಿನಲ್ಲಿ ಆಚೆಯಿಂದ ಯಾರಾದರೂ ಬಂದು, ಗೋವಿಂದ ಪೈ, ಕಯ್ಯಾರ ಅಂತ ಇಲ್ಲಿಯ ಇಬ್ಬರು ಕವಿಗಳ ಹೆಸರು ಹೇಳಿ, ಕಣ್ಣು ಒರೆಸಿ, ಶಾಲು ಹೊದೆಸಿಕೊಂಡು ಹೋಗುತ್ತಾರೆ. ನನಗೆ ಬೇಸರ ಅಂತಲ್ಲ. ಆದರೆ ಅವರ ಕಾರು ಸಿಕ್ಕಿಬಿದ್ದದ್ದು ನಮ್ಮ ದಾರಿಯಲ್ಲೇ, ತಳ್ಳಿದ್ದು ನನ್ನ ಏಳನೇ ಕ್ಲಾಸಿನ ಮಕ್ಕಳು. ಬೆಂಗಳೂರಿಗೆ ಬಂದರೆ ನಿಮ್ಮ ಓನರ್ ಆಂಟಿ "ನಿಮ್ಮ ಕನ್ನಡ ಚೆನ್ನಾಗಿದೆ, ಎಲ್ಲಿ ಕಲಿತ್ರಿ?" ಅನ್ನುತ್ತಾರೆ. ಹುಟ್ಟಿದ ಮನೆಯಲ್ಲಿ ನಿಂತವಳಿಗೆ ದಾರಿ ಹೇಗೆ ಗೊತ್ತಾಯಿತು ಅಂತ ಕೇಳಿದ ಹಾಗೆ. ಅಲ್ಲಿ ನಾನು ಮಲಯಾಳಿ, ತಿರುವನಂತಪುರದಲ್ಲಿ ಕನ್ನಡಕ್ಕಾರಿ. ನನಗೆ ಬೇಕಾದದ್ದು ಎರಡೂ ಕಡೆಯ ಸರ್ಟಿಫಿಕೇಟಲ್ಲ, ನಾನು ಹೇಳಿದ್ದು ಪುಸ್ತಕದಲ್ಲಿ ನಾನು ಹೇಳಿದ ಹಾಗೆಯೇ ಇರಬೇಕು. ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಲು ಒಬ್ಬರನ್ನು ಕೂರಿಸಿ ಅಂತ ಮೂರು ಸಲ ಕೇಳಿದ್ದೇನೆ. "ನೋಕ್ಕಾಂ" ಅಂದಿದ್ದಾರೆ. ನೋಡುವಾ ಅಂತ ಅರ್ಥ. ಅದಕ್ಕೆ ಮಾತ್ರ ಎರಡು ಭಾಷೆಯಲ್ಲೂ ಅರ್ಥ ಒಂದೇ.

ನೀನು ಫೋನ್ ಮಾಡಿದ ದಿವಸದ ಸಭೆ ಈ ಶಬ್ದವನ್ನು ತಿದ್ದಲು. ಹಳೆಯ ಠರಾವನ್ನು ಗಟ್ಟಿಯಾಗಿ ಓದಿಸಿ, ಅವಕಾಶಂ ತೆಗೆದು ಸೌಕರ್ಯಂ ಅಂತ ಹಾಕಿಸಿದೆ. ಭಾವ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಎದ್ದು, "ಸೌಕರ್ಯ ಆದರೆ ಅಡ್ಡಿಯಿಲ್ಲ. ಆದರೆ ಚಾಲು ಗೀಲು ಅಂತ ಬೇಡ, ಕಣಿ ಅಂತಲೇ ಬರೆಯಿರಿ" ಅಂದರು. ಓವರ್ಸಿಯರನಿಗೆ ಕಣಿ ಅಂದರೆ ವಿಷುವಿನ ಬೆಳಿಗ್ಗೆ ಕಣ್ಣು ಬಿಟ್ಟು ಮೊದಲು ನೋಡುವ ಮಂಗಳದ್ರವ್ಯ. "ಚರಂಡಿಯನ್ನು ಕಣಿ ಕಾಣುವುದಾ?" ಅಂತ ಅವನು ಕೇಳಿದ್ದೇ ತಡ, ಇಡೀ ಹಾಲ್ ನಕ್ಕಿತು. ಭಾವನೂ ನಕ್ಕರು. ಸಹಿ ಹಾಕಿದರು, ಸ್ಲಾಬು ಎತ್ತಲು ಬರುವ ಹಾಗೆ ಇರಬೇಕು ಅಂತ ಷರತ್ತು ಹಾಕಿಯೇ. ನನ್ನ ಹತ್ತಿರ ಇನ್ನೂ ಟೀಚರೇ ಅಂತಲೇ ಮಾತು.

ಇನ್ನು ಎಸ್ಟಿಮೇಟ್ ಆಗಬೇಕು, ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು, ಟೆಂಡರು ಹಿಡಿಯಲು ಯಾರಾದರೂ ಬರಬೇಕು. ಮಾರ್ಚ್ ದಾಟಿದರೆ ಸ್ಪಿಲ್ ಓವರ್, ಅಂದರೆ ಮುಂದಿನ ವರ್ಷದ ಲೆಕ್ಕಕ್ಕೆ ಬಾಕಿ. ಈ ಮಳೆಗಾಲಕ್ಕಂತೂ ಆಗುವುದಿಲ್ಲ. ನಮ್ಮ ಯಜಮಾನರು ಹಾರೆ ಹಿಡಿದು ನಮ್ಮ ಗೇಟಿನ ಮುಂದಿನ ಮಣ್ಣನ್ನು ಈಗಲೇ ಬಿಡಿಸಿಟ್ಟಿದ್ದಾರೆ.

ಜೂನಿನಲ್ಲಿ ಬರುತ್ತೇನೆ ಅಂದಿದ್ದಿಯಲ್ಲ, ಬಾ. ಕಾರನ್ನು ಮೇಲೆ ಡಾಮರು ರಸ್ತೆಯಲ್ಲೇ ಬಿಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಎಡಗಡೆಯ ಕಂಪೌಂಡಿನ ಬದಿಯಿಂದಲೇ ಇಳಿ. ಬಲಗಡೆ ಪಾಚಿ ಉಂಟು.