ಪಿಕಪ್ ಗಾಡಿಗೆ ಮೊದಲ ಸ್ಟೀರಿಯೊ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಹೊಸ ಬೊಲೆರೊ ಪಿಕಪ್ ತೆಗೆದುಕೊಂಡಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಸೆಟ್ ಕೂರಿಸುವ ಜಾಗವಿದೆ, ಸೆಟ್ ಇಲ್ಲ. ಅಂಗಡಿಯಲ್ಲಿ ‘50 ವ್ಯಾಟ್ x 4’ ಎಂದು ಬರೆದದ್ದನ್ನು ತೋರಿಸಿ, ಜೊತೆಗೊಂದು ಆಂಪ್ (ಸದ್ದು ಹೆಚ್ಚಿಸುವ ಪ್ರತ್ಯೇಕ ಆಂಪ್ಲಿಫೈಯರ್) ಕೂಡ ಬೇಕೇ ಬೇಕು ಎಂದರು. ಹೌದೇ? ಕೆಲಸವನ್ನು ನಾನೇ ಮಾಡಿಕೊಳ್ಳಬಹುದೇ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಮೊದಲ ಸಲಕ್ಕೆ ಆಂಪ್ ಬೇಡ. ಒಂದು ಸಿಂಗಲ್ ಡಿನ್ (ಚಿಕ್ಕ ಅಳತೆಯ) ಸೆಟ್, ಎರಡು ಒಳ್ಳೆಯ ಸ್ಪೀಕರ್, ಅದಕ್ಕಿಂತ ಒಳ್ಳೆಯ ವೈರಿಂಗ್ ಇದ್ದರೆ ಸಾಕು.

ಡಬ್ಬದ ಮೇಲಿನ 50 ವ್ಯಾಟ್ ಎಂಬುದು ಕ್ಷಣಮಾತ್ರದ ಗರಿಷ್ಠ ಅಂಕಿ. ಎಂಜಿನ್ ಓಡುವಾಗ ಗಾಡಿಯಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟರಲ್ಲಿ 4 ಓಮ್ (ಸ್ಪೀಕರಿನ ವಿದ್ಯುತ್ ತಡೆಯ ಅಳತೆ) ಸ್ಪೀಕರಿಗೆ ಸೆಟ್ಟಿನ ಐಸಿ (ಸದ್ದು ಹೆಚ್ಚಿಸುವ ಚಿಪ್) ಶುದ್ಧವಾಗಿ ಕೊಡಬಲ್ಲದ್ದು ಲೆಕ್ಕದ ಪ್ರಕಾರವೇ 25 ವ್ಯಾಟಿನ ಆಸುಪಾಸು. ಕೈಗೆ ಸಿಗುವುದು 15ರಿಂದ 20. ಇಬ್ಬರು ಮೂವರು ಕೂರುವ ಕ್ಯಾಬಿನ್ನಿಗೆ ಅದು ಧಾರಾಳವಾಗಿ ಸಾಕು. ಸ್ಪೀಕರ್ ಕೊಳ್ಳುವಾಗ ವ್ಯಾಟ್ ನೋಡಬೇಡಿ, ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಅಂಕಿ) ನೋಡಿ. 87 ಡೆಸಿಬೆಲ್ ಸ್ಪೀಕರಿನ ಬದಲು 90 ಡೆಸಿಬೆಲ್‌ನದನ್ನು ಹಾಕಿದರೆ ಸೆಟ್ಟಿನ ವ್ಯಾಟ್ ದುಪ್ಪಟ್ಟಾದಷ್ಟೇ ಲಾಭ. ಡೀಸೆಲ್ ಎಂಜಿನ್ನಿನ ಸದ್ದನ್ನು ಮೀರಿ ಹಾಡು ಕೇಳಿಸುವುದು ಇದರಿಂದ.

ಸಾಮಾನು: ಸೆಟ್, 5.25 ಅಥವಾ 6 ಇಂಚಿನ 4 ಓಮ್ ಕೋಆಕ್ಸಿಯಲ್ (ದೊಡ್ಡ ಸ್ಪೀಕರಿನ ನಡುವೆಯೇ ಚಿಕ್ಕದೊಂದು ಇರುವ) ಸ್ಪೀಕರ್ ಒಂದು ಜೊತೆ, ಗಾಡಿಯ ಕಪ್ಲರಿಗೆ (ವೈರುಗಳ ಪ್ಲಗ್ಗಿಗೆ) ಹೊಂದುವ ಜೋಡಣೆ ವೈರು, 1 ಚದರ ಮಿ.ಮೀ. ತಾಮ್ರದ ಜೋಡಿ ವೈರು 6 ಮೀಟರ್, ಕರೆಂಟಿಗೆ ಮತ್ತು ಅರ್ತಿಗೆ (ಗಾಡಿಯ ತಗಡಿಗೆ ಕೊಡುವ ನೆಗೆಟಿವ್) 2.5 ಚದರ ಮಿ.ಮೀ. ವೈರು, 10 ಆಂಪಿಯರ್ ಫ್ಯೂಸ್ ಮತ್ತು ಹೋಲ್ಡರ್, ಕಾಸಿದರೆ ಕುಗ್ಗುವ ಸ್ಲೀವ್, ಬಾಗಿಲಿನ ತೂತಿಗೆ ರಬ್ಬರ್ ಗ್ರಾಮೆಟ್ (ವೈರು ಉಜ್ಜದಂತೆ ತೂತಿಗೆ ಕೂರಿಸುವ ಬಳೆ) ನಾಲ್ಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರು ಅಗ್ಗಕ್ಕೆ ಸಿಗುತ್ತದೆ, ಕೊಳ್ಳಬೇಡಿ. ಬಾಗಿಲು ತೆರೆದು ಮುಚ್ಚುವಲ್ಲಿ ಮಡಚಿ ಮಡಚಿ ಅದು ಬೇಗ ತುಂಡಾಗುತ್ತದೆ.

ಮೊದಲು ಮಲ್ಟಿಮೀಟರ್ ಹಿಡಿದು ಎರಡು ವೈರು ಹುಡುಕಿ: ಕೀ ತೆಗೆದರೂ 12 ವೋಲ್ಟ್ ತೋರಿಸುವುದೊಂದು, ಕೀ ತಿರುಗಿಸಿದಾಗ ಮಾತ್ರ ತೋರಿಸುವುದೊಂದು. ಗುರುತು ಮಾಡಿಕೊಂಡ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆಯೇ ಕೆಲಸಕ್ಕೆ ಕೈ ಹಾಕಿ. ಸೆಟ್ಟಿನ ಹಳದಿ ವೈರು ಸದಾ ಕರೆಂಟ್ ಇರುವುದಕ್ಕೆ, ಕೆಂಪು ಕೀಗೆ, ಕಪ್ಪು ಅರ್ತಿಗೆ. ಬಿಳಿ ಜೋಡಿ ಎಡಗಡೆಯ ಮುಂದಿನ ಸ್ಪೀಕರಿಗೆ, ಬೂದು ಜೋಡಿ ಬಲಗಡೆಯದಕ್ಕೆ. ಕಪ್ಪು ಗೆರೆಯಿರುವುದು ನೆಗೆಟಿವ್. ಹಸಿರು ಮತ್ತು ನೇರಳೆ ಜೋಡಿ ಹಿಂದಿನ ಸ್ಪೀಕರಿನವು. ನಿಮಗೆ ಬೇಡವಾದ್ದರಿಂದ ಒಂದೊಂದರ ತುದಿಗೂ ಪ್ರತ್ಯೇಕ ಸ್ಲೀವ್ ಹಾಕಿ ಕಟ್ಟಿಡಿ. ಕೆಲವು ಸೆಟ್ಟುಗಳು ಈ ಬಣ್ಣ ಪಾಲಿಸುವುದಿಲ್ಲ, ಮೇಲಿನ ಚೀಟಿಯನ್ನು ಒಮ್ಮೆ ಓದಿ. ಕಂಪನಿಯ ಕಪ್ಲರ್ ಕತ್ತರಿಸುವುದಂತೂ ಬೇಡ. ವಾರಂಟಿಗೂ ತೊಂದರೆ, ಮುಂದೆ ತಪ್ಪು ಹುಡುಕುವವರಿಗೂ ತೊಂದರೆ.

ಹಳೆಯ ಕ್ಯಾಸೆಟ್ ಸೆಟ್ಟುಗಳ ಕಾಲದ ಒಂದು ಅಭ್ಯಾಸ ಇನ್ನೂ ಉಳಿದಿದೆ: ಸ್ಪೀಕರಿನ ನೆಗೆಟಿವ್ ತುದಿಯನ್ನು ಗಾಡಿಯ ತಗಡಿಗೆ ಮುಟ್ಟಿಸುವುದು. ಈಗಿನ ಸೆಟ್ಟುಗಳಲ್ಲಿ ಎರಡೂ ತುದಿಯಲ್ಲಿ ವೋಲ್ಟೇಜ್ ಇರುತ್ತದೆ. ತಗಡಿಗೆ ಮುಟ್ಟಿದರೆ ಐಸಿ ಸುಡಬಹುದು. ಹಾಗೆಯೇ ಒಂದೇ ಜೋಡಿಗೆ ಎರಡು 4 ಓಮ್ ಸ್ಪೀಕರ್ ಸಮಾನಾಂತರವಾಗಿ ಸೇರಿಸಿದರೆ 2 ಓಮ್ ಆಗುತ್ತದೆ. ಸೆಟ್ಟು ಬಿಸಿಯಾಗುತ್ತದೆ, ನಡುನಡುವೆ ನಿಲ್ಲುತ್ತದೆ.

ವೈರನ್ನು ಬರಿದೇ ತಿರುಚಿ ಟೇಪ್ ಸುತ್ತಬೇಡಿ. ಏಪ್ರಿಲ್ ಬಿಸಿಲಿಗೆ ಡ್ಯಾಶ್‌ಬೋರ್ಡಿನೊಳಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಕ್ರಿಂಪ್ ಮಾಡಿ (ಲೋಹದ ತುದಿಯೊಳಗೆ ಇಕ್ಕಳದಿಂದ ಅದುಮಿ) ಅಥವಾ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ. ಅರ್ತ್ ಕೊಡುವ ಬೋಲ್ಟಿನ ಸುತ್ತ ಬಣ್ಣ ಕೆರೆದು ಹೊಳೆಯುವ ತಗಡು ಕಾಣಬೇಕು; ಬಿಗಿ ಮಾಡಿದ ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ತುಕ್ಕು ಹಿಡಿಯದು.

ಬಾಗಿಲಿನಲ್ಲಿ ತೂತು ಕೊರೆಯುವ ಮೊದಲು ಗ್ಲಾಸನ್ನು ಪೂರ್ತಿ ಕೆಳಗಿಳಿಸಿ ಒಳಗಿನ ಆಳ ಅಳೆಯಿರಿ. ಸ್ಪೀಕರಿನ ಹಿಂಭಾಗಕ್ಕೂ ಗ್ಲಾಸಿಗೂ ನಡುವೆ ಕನಿಷ್ಠ 10 ಮಿ.ಮೀ. ಇರಲಿ, ಇಲ್ಲದಿದ್ದರೆ ಮೊದಲ ದಿನವೇ ಗ್ಲಾಸ್ ಬಂದು ಮ್ಯಾಗ್ನೆಟ್ಟಿಗೆ ತಗಲುತ್ತದೆ. ಕಡಿಮೆ ಬಿದ್ದರೆ ಪ್ಲಾಸ್ಟಿಕ್ ರಿಂಗ್ ಹಾಕಿ ಹೊರಕ್ಕೆ ತನ್ನಿ. ಬರೀ ಡೋರ್ ಪ್ಯಾಡಿಗೆ ತಿರುಪು ಹಾಕಿದರೆ ಪ್ಯಾಡೇ ನಡುಗುತ್ತದೆ. ಸ್ಪೀಕರ್ ತಗಡಿಗೆ ಬಿಗಿಯಬೇಕು.

ಕೊನೆಗೆ ಎರಡೂ ಸ್ಪೀಕರಿನ ಪಾಸಿಟಿವ್ ಸರಿಯಾಗಿದೆಯೇ ನೋಡಿ. ಸೆಟ್ಟಿನ ಕಡೆಯ ತುದಿ ಬಿಚ್ಚಿ, 1.5 ವೋಲ್ಟ್ ಪೆನ್ ಸೆಲ್ಲಿನ ಪ್ಲಸ್ ಅನ್ನು ಪಾಸಿಟಿವ್ ವೈರಿಗೂ ಮೈನಸ್ ಅನ್ನು ನೆಗೆಟಿವ್ ವೈರಿಗೂ ಮುಟ್ಟಿಸಿದಾಗ ಎರಡೂ ಕೋನ್ ಹೊರಕ್ಕೆ ಚಿಮ್ಮಬೇಕು. ಒಂದು ಒಳಕ್ಕೆ ಹೋದರೆ ಅಲ್ಲಿ ವೈರು ಅದಲುಬದಲಾಗಿದೆ. ಹಾಗೇ ಬಿಟ್ಟರೆ ತಬಲಾ, ಡೋಲು ಎಲ್ಲ ತೆಳ್ಳಗೆ ಕೇಳಿಸುತ್ತವೆ, ಜನ ಸ್ಪೀಕರನ್ನು ದೂರುತ್ತಾರೆ.

ಪ್ರಶ್ನೆ: ಟಾಟಾ ಏಸ್‌ನಲ್ಲಿ ಸೀಟಿನ ಕೆಳಗೆ 8 ಇಂಚಿನ ಊಫರ್ ಇಡಬಹುದೇ?
– ಓದುಗರು, ಗೋಕಾಕ

ಉತ್ತರ: ಇಡಬೇಡಿ. ಏಸ್‌ನ ಎಂಜಿನ್ ಇರುವುದೇ ಸೀಟಿನ ಕೆಳಗೆ. ಆ ಬಿಸಿ ಊಫರಿನ ಅಂಟನ್ನೂ ಒಳಗಿನ ಆಂಪನ್ನೂ ಹಾಳು ಮಾಡುತ್ತದೆ. ಎಂಜಿನ್ ಬಳಿಗೆ ಹೋಗಲು ಸೀಟ್ ಎತ್ತಿದಾಗಲೆಲ್ಲ ವೈರು ಜಗ್ಗುವುದೂ ಉಂಟು. ಬಾಗಿಲಿನ ಒಳ ತಗಡಿಗೆ 2 ಮಿ.ಮೀ. ಬ್ಯೂಟೈಲ್ ಶೀಟ್ (ನಡುಕ ತಡೆಯುವ ಅಂಟು ರಬ್ಬರ್ ಹಾಳೆ) ಅಂಟಿಸಿ. ಪೂರ್ತಿ ಮುಚ್ಚುವ ಅಗತ್ಯವಿಲ್ಲ, ನಡುವಿನ ಕಾಲು ಭಾಗ ಮುಚ್ಚಿದರೂ ನಡುಕ ಇಳಿಯುತ್ತದೆ. ನೀರು ಇಳಿಯುವ ಕೆಳಗಿನ ತೂತುಗಳನ್ನು ಮಾತ್ರ ಮುಚ್ಚಬೇಡಿ. ಇಷ್ಟು ಮಾಡಿದರೆ ಅದೇ ಸ್ಪೀಕರಿನಿಂದ ಬೇಸ್ ಎಷ್ಟೋ ತುಂಬಿ ಬರುತ್ತದೆ.

ಪ್ರಶ್ನೆ: ಸೆಟ್ ಹಾಕಿಸಿದ ಮೇಲೆ ಎರಡು ದಿನ ಗಾಡಿ ನಿಂತರೆ ಸೆಲ್ಫ್ ಹೊಡೆಯುವುದಿಲ್ಲ. ಬ್ಯಾಟರಿ ಬದಲಿಸಬೇಕೇ?
– ಓದುಗರು, ಶಿರಸಿ

ಉತ್ತರ: ಬ್ಯಾಟರಿಗೆ ದುಡ್ಡು ಹಾಕುವ ಮೊದಲು ವೈರಿಂಗ್ ನೋಡಿ. ಕೀ ವೈರು ಹುಡುಕುವ ತೊಂದರೆ ಬೇಡವೆಂದು ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಗೆ ಕೊಟ್ಟಿರುವ ಸಾಧ್ಯತೆ ಹೆಚ್ಚು. ಕೀ ತೆಗೆದ ಮೇಲೂ ಸೆಟ್ಟು ಆನ್ ಆಗುತ್ತದೆಯೇ? ಆಗುವುದಾದರೆ ಕಾರಣ ಅದೇ. ಅದು ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಅವರ್ ಖಾಲಿ.

ಖಚಿತವಾಗಿ ತಿಳಿಯಲು ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅದಕ್ಕೂ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. 50 ಮಿಲಿಆಂಪಿಯರಿಗಿಂತ ಕಡಿಮೆ ತೋರಿಸಬೇಕು. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಹೆಚ್ಚು ತೋರಿಸಿದರೆ ಸೆಟ್ಟಿನ ಫ್ಯೂಸ್ ಕಿತ್ತು ನೋಡಿ. ಅಂಕಿ ಬಿದ್ದರೆ ತಪ್ಪು ಸೆಟ್ಟಿನ ವೈರಿಂಗಿನದು. ಕೆಂಪನ್ನು ಕೀಗೆ ಬದಲಿಸಿ.

ಇದಕ್ಕೆ ತಿರುಗುಮುರುಗಾದ ದೋಷವೂ ಇದೆ. ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಅಳಿಸಿಹೋಗುತ್ತಿದ್ದರೆ ಹಳದಿಗೆ ಸದಾ ಬರುವ ಕರೆಂಟ್ ಸಿಕ್ಕಿಲ್ಲ.

ಪ್ರಶ್ನೆ: ಆಂಪ್ ಹಾಕಿಸಿದ ಮೇಲೆ ರೇಸ್ ಕೊಟ್ಟಂತೆ ಸ್ಪೀಕರಿನಲ್ಲಿ ‘ಕುಂಯ್’ ಎಂಬ ಸದ್ದು ಏರುತ್ತದೆ. ಏನು ಮಾಡಲಿ?
– ಓದುಗರು, ಮಾಲೂರು

ಉತ್ತರ: ಅದು ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ) ಸದ್ದು, ಅರ್ತಿನ ದಾರಿಯಲ್ಲಿ ಸ್ಪೀಕರಿಗೆ ಬರುತ್ತಿದೆ. ಆಂಪಿನ ಹಿಂದಿರುವ ಆರ್‌ಸಿಎ ಪಿನ್‌ಗಳನ್ನು (ಸೆಟ್ಟಿನಿಂದ ಹಾಡಿನ ಸಿಗ್ನಲ್ ತರುವ ಕೇಬಲ್ಲಿನ ತುದಿಗಳನ್ನು) ಕೀಳಿ. ಸದ್ದು ಹಾಗೇ ಇದ್ದರೆ ಆಂಪಿನ ಅರ್ತ್ ಸರಿಯಿಲ್ಲ: ಬಣ್ಣ ಕೆರೆದು, ಅರ್ಧ ಮೀಟರಿಗಿಂತ ಚಿಕ್ಕ ವೈರಿನಲ್ಲಿ, ಕರೆಂಟ್ ವೈರಿನಷ್ಟೇ ದಪ್ಪದ್ದನ್ನು ಬಿಗಿಯಿರಿ. ಪಿನ್ ಕಿತ್ತಾಗ ಸದ್ದು ನಿಂತರೆ ಆರ್‌ಸಿಎ ಕೇಬಲ್ಲೋ ಸೆಟ್ಟಿನ ಅರ್ತೋ ಕಾರಣ. ಆರ್‌ಸಿಎ ಕೇಬಲ್ಲನ್ನು ಕರೆಂಟ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಎಳೆದಿದ್ದರೆ ಬಿಡಿಸಿ, ಒಂದನ್ನು ಎಡಗಡೆ, ಇನ್ನೊಂದನ್ನು ಬಲಗಡೆ ತನ್ನಿ. ಸದ್ದು ತಡೆಯುವ ಫಿಲ್ಟರ್ ಕೊಳ್ಳುವುದು ಕೊನೆಯ ದಾರಿ. ಅದು ತಪ್ಪನ್ನು ಸರಿಪಡಿಸುವುದಿಲ್ಲ, ಬೇಸನ್ನೂ ಸ್ವಲ್ಪ ನುಂಗುತ್ತದೆ.

ಹೇಗೂ ಅಲ್ಲಿ ಕೈ ಹಾಕುತ್ತೀರಿ, ಆಂಪಿನ ಫ್ಯೂಸ್ ಎಲ್ಲಿದೆ ನೋಡಿ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು. ಆಂಪಿನ ಮೇಲಿರುವ ಫ್ಯೂಸ್ ಆಂಪನ್ನು ಮಾತ್ರ ಕಾಯುತ್ತದೆ. ನಡುವಿನ ವೈರು ಉಜ್ಜಿ ತಗಡಿಗೆ ತಗುಲಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಹರಿದು ವೈರು ಹೊತ್ತಿಕೊಳ್ಳುತ್ತದೆ. ಈ ಒಂದು ಫ್ಯೂಸಿಲ್ಲದೆ ಗಾಡಿ ಓಡಿಸಲೇಬೇಡಿ.

ಪ್ರಶ್ನೆ: ಪಿಕಪ್‌ನಲ್ಲಿ ತರಕಾರಿ ಮಾರುತ್ತೇನೆ. ದರ ಕೂಗುವ ಹಾರ್ನ್ ಸ್ಪೀಕರನ್ನು ಇದೇ ಸೆಟ್ಟಿಗೆ ಸೇರಿಸಬಹುದೇ?
– ಓದುಗರು, ತಿಪಟೂರು

ಉತ್ತರ: ಬೇಡ. ಹಾರ್ನ್ ಸ್ಪೀಕರ್ ಸಾಮಾನ್ಯವಾಗಿ 8 ಅಥವಾ 16 ಓಮಿನದು. ಸೆಟ್ಟಿನಿಂದ ಅದಕ್ಕೆ ಸಿಗುವ ಶಕ್ತಿ ಕಡಿಮೆ. ಹಾಡಿನ ಬೇಸ್ ಅದರ ತೆಳು ಡಯಾಫ್ರಾಮನ್ನೂ ಒಡೆಯುತ್ತದೆ. 12 ವೋಲ್ಟಿನಲ್ಲಿ ನಡೆಯುವ, ಮೈಕ್ ಮತ್ತು ಯುಎಸ್‌ಬಿ ಇರುವ ಚಿಕ್ಕ ಪಿಎ (ಜನರಿಗೆ ಕೂಗಿ ಹೇಳಲು ಬಳಸುವ) ಆಂಪ್ ಬೇರೆಯಾಗಿ ಹಾಕಿ, ಅದರ ಬೇಸ್ ತಿರುಗಣೆ ಪೂರ್ತಿ ಇಳಿಸಿಡಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಬಳಸುವಂತಿಲ್ಲ. ಮಾರುಕಟ್ಟೆಯಿಂದ ಬೇಗ ಹೊರಡುವವರು ಇದನ್ನು ಗಮನದಲ್ಲಿಡಿ.

ಪ್ರಶ್ನೆ: ಬೆಂಗಳೂರಿನ 101.3 ಚೆನ್ನಾಗಿ ಬರುತ್ತದೆ. ಮೈಸೂರು ಆಕಾಶವಾಣಿಯ 100.6 ಮೈಸೂರಿನೊಳಗೇ ಇದ್ದರೂ ಸೆಟ್ಟಿನಲ್ಲಿ ನಿಲ್ಲುವುದಿಲ್ಲ, 100.5ರಿಂದ 100.7ಕ್ಕೆ ಹಾರುತ್ತದೆ.
– ಓದುಗರು, ಮದ್ದೂರು

ಉತ್ತರ: ಸೆಟ್ಟು ಕೆಟ್ಟಿಲ್ಲ, ಅಮೆರಿಕದ ಹೊಂದಿಕೆಯಲ್ಲಿದೆ. ಅಲ್ಲಿ ಎಫ್‌ಎಂ ಸ್ಟೇಷನ್‌ಗಳು ದಶಾಂಶದ ಬೆಸ ಅಂಕಿಗಳಲ್ಲೇ ಇರುತ್ತವೆ, ಸೆಟ್ಟು 0.2 ಮೆಗಾಹರ್ಟ್ಸ್ ಹೆಜ್ಜೆ ಹಾಕುತ್ತದೆ. 101.3 ಬೆಸವಾದ್ದರಿಂದ ಸಿಕ್ಕಿತು, 100.6 ತಪ್ಪಿತು. ಮೆನುವಿನಲ್ಲಿ ‘ಏರಿಯಾ’ ಅಥವಾ ‘ರೀಜನ್’ ಎಂಬಲ್ಲಿ ಏಷ್ಯಾ ಅಥವಾ ಯೂರೋಪ್ ಆರಿಸಿ. ಸೆಟ್ಟಿನಲ್ಲಿ ಮೀಡಿಯಂ ವೇವ್ ಇದ್ದರೆ ಅದೂ ಇದರಿಂದಲೇ ಸರಿಹೋಗುತ್ತದೆ: ಅಮೆರಿಕದ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಬೆಂಗಳೂರಿನ 612 ಸಿಗದು, ನಮ್ಮ 9ರ ಹೆಜ್ಜೆಯಲ್ಲಿ ಸರಿಯಾಗಿ ಬಂದು ನಿಲ್ಲುತ್ತದೆ. ರೀಜನ್ ಬದಲಿಸಿದಾಗ ಉಳಿಸಿದ ಸ್ಟೇಷನ್‌ಗಳು ಅಳಿಸಿಹೋಗಬಹುದು, ಮತ್ತೆ ಒಂದೊಂದಾಗಿ ತುಂಬಿಕೊಳ್ಳಿ. ಆಮೇಲೂ ಕರಕರ ಬಂದರೆ ಮೊಬೈಲ್ ಚಾರ್ಜರನ್ನು ಸಾಕೆಟ್ಟಿನಿಂದ ಕಿತ್ತು ನೋಡಿ. ಅಗ್ಗದ ಚಾರ್ಜರುಗಳು ಎಫ್‌ಎಂ ಅನ್ನು ಕೆಡಿಸುತ್ತವೆ. ಆಂಟೆನಾ ಸುಮಾರು 75 ಸೆಂ.ಮೀ. ಇರಲಿ, ಅದರ ಬುಡ ಬಾಡಿಯ ತಗಡಿಗೆ ಗಟ್ಟಿಯಾಗಿ ಕೂತಿರಲಿ.